ಲಿಫ್ಟಿನ ಮಾಲೀಕರು

ನನ್ನ ಯಜಮಾನರು ಲಿಫ್ಟ್ ಮೆಕ್ಯಾನಿಕ್. ಇಪ್ಪತ್ತಾರು ವರ್ಷ ಒಂದೇ ಕಟ್ಟಡದಲ್ಲಿ ದುಡಿದರು. ಹದಿನಾಲ್ಕು ಮಹಡಿ, ಎಲ್ಲ ಆಫೀಸುಗಳು, ಆರು ಲಿಫ್ಟು. ಎಷ್ಟು ಒಗೆದರೂ ಅವರ ಅಂಗಿಯ ಗ್ರೀಸಿನ ವಾಸನೆ ಹೋಗುತ್ತಿರಲಿಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು. ಅವರ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಬರೆಯುತ್ತೇನೆ.

ಆ ಕಟ್ಟಡವನ್ನು ಒಂದು ಟ್ರಸ್ಟ್ ಕೊಂಡಿತು. ಇಂಥ ಕಟ್ಟಡಗಳನ್ನು ಸೇರಿಸಿ, ಪಾಲು ಮಾಡಿ, ಯೂನಿಟ್ ಅಂತ ಮಾರುತ್ತಾರೆ. ಕೊಂಡವರಿಗೆ ಮೂರು ತಿಂಗಳಿಗೊಮ್ಮೆ ಬಾಡಿಗೆಯ ಪಾಲು ಬರುತ್ತದೆ. ಇವರು ನಮ್ಮ ಉಳಿತಾಯದ ಅರ್ಧ ಅದಕ್ಕೆ ಹಾಕಿದರು. ಅವತ್ತು ಊಟಕ್ಕೆ ಕೂತು ನಕ್ಕರು.

"ಇನ್ಮೇಲೆ ನನ್ನ ಲಿಫ್ಟ್ ನಾನೇ ರಿಪೇರಿ ಮಾಡ್ಕೋತೀನಿ ಕಣೇ."

ಜೊತೆಯವರು ತಮಾಷೆಗೆ "ಮಾಲೀಕರೇ" ಅಂತ ಕರೆಯತೊಡಗಿದರು. ಅವರಿಗೆ ಅದು ಇಷ್ಟವಾಗಿತ್ತು.

ಎರಡು ವರ್ಷ ಕಳೆಯಿತು. ಬ್ಯಾಂಕಿನ ಬಡ್ಡಿ ಏರಿತು, ಏರುತ್ತಲೇ ಹೋಯಿತು. ಜನ ಯೂನಿಟ್ ಮಾರಿ ಠೇವಣಿಗೆ ಓಡಿದರು. ಟ್ರಸ್ಟಿನ ಸಾಲಕ್ಕೂ ಬಡ್ಡಿ ಹೆಚ್ಚಿತು. ಯೂನಿಟ್ಟಿನ ಬೆಲೆ ಕಾಲು ಭಾಗ ಬಿತ್ತು. ಉಳಿದಷ್ಟಾದರೂ ಮಾರಿಬಿಡಿ ಅಂತ ನಾನು ಅವರ ಬೆನ್ನು ಬಿದ್ದೆ.

"ಬೆಲೆ ಇಳಿದಿದೆ, ಕಟ್ಟಡ ಖಾಲಿಯಾಗಿಲ್ಲ," ಅಂದರು. "ಬೆಳಿಗ್ಗೆ ಆರು ಲಿಫ್ಟೂ ತುಂಬಿ ಹೋಗುತ್ತೆ. ಬಾಗಿಲಿನ ರೋಲರ್ ಸವೆಯೋದು ನೋಡಿದ್ರೇ ನಂಗೆ ಗೊತ್ತಾಗುತ್ತೆ. ಬಡ್ಡಿ ಇಳಿದ್ರೆ ಬೆಲೆ ಏರುತ್ತೆ. ಸ್ವಲ್ಪ ತಡಿ."

ನಾನು ಕಾಯಲಿಲ್ಲ. ತಮ್ಮನನ್ನು ಕರೆಸಿದೆ. ಅವನ ಹೆಂಡತಿಯೂ ಬಂದಳು. ಅವರ ಮುಂದೆಯೇ ಅಂದೆ:

"ನೋಡೋ, ನಿಮ್ಮ ಭಾವ ಮಾಲೀಕರಂತೆ! ಲಿಫ್ಟಿನ ಗುಂಡಿಗಿಳಿದು ಎಣ್ಣೆ ಒರೆಸೋರಿಗೆ ಹದಿನಾಲ್ಕು ಮಹಡಿ ಬೇಕಂತೆ."

"ಅಕ್ಕಾ, ಸುಮ್ನಿರು," ಅಂದ ತಮ್ಮ. ಅವನ ಹೆಂಡತಿ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. ಇವರು ಉಗುರಿನ ಸಂದಿಯ ಕಪ್ಪು ಕೆರೆಯುತ್ತ ಕೂತರು.

ಮರುದಿನ ಎಲ್ಲ ಮಾರಿದರು. ಠೇವಣಿಯ ರಸೀದಿ ನನ್ನ ಕೈಗಿಟ್ಟರು.

"ತಗೋ. ಇನ್ನು ನೆಮ್ಮದಿಯಾಗಿರು."

ನೆಮ್ಮದಿಯಾಗಿಯೇ ಇದ್ದೆ. ಮುಂದಿನ ವರ್ಷ ಬಡ್ಡಿ ಇಳಿಯಿತು. ಅವರು ಹೇಳಿದ ಹಾಗೇ ಯೂನಿಟ್ ಏರಿತು. ಅವರು ಎಂದಿನಂತೆ ಕೆಲಸಕ್ಕೆ ಹೋಗಿ ಬಂದರು. ಬೈದಿದ್ದರೆ ಚೆನ್ನಾಗಿತ್ತು. ನಾನೂ ತಪ್ಪಾಯಿತು ಅನ್ನಲಿಲ್ಲ. ನಾಳೆ ಅಂದರಾಯಿತು ಅಂದುಕೊಂಡೆ. ಹೋದ ತಿಂಗಳು ಅವರಿಗೆ ಎದೆನೋವು ಬಂತು. ಆಸ್ಪತ್ರೆ ಮುಟ್ಟಲಿಲ್ಲ.

ಅವರ ಪಾನಾ, ಸ್ಕ್ರೂಡ್ರೈವರ್‌ಗಳ ಪೆಟ್ಟಿಗೆ ತರಲು ಆ ಕಟ್ಟಡಕ್ಕೆ ಹೋದೆ. ಅವರ ಜೊತೆ ಕೆಲಸ ಮಾಡುತ್ತಿದ್ದ ಎಲೆಕ್ಟ್ರಿಷಿಯನ್ ಪೆಟ್ಟಿಗೆ ಒರೆಸಿ ಇಟ್ಟಿದ್ದ. ವಾಚ್‌ಮನ್‌ಗೆ, "ಎದ್ದೇಳಪ್ಪ, ಮಾಲೀಕರ ಮನೆಯವರು," ಅಂದ.

"ಹಾಗನ್ಬೇಡಿ. ಅವರ ಹತ್ರ ಒಂದು ಯೂನಿಟ್ಟೂ ಇರ್ಲಿಲ್ಲ," ಅಂದೆ.

"ಗೊತ್ತಮ್ಮ. ಮಾರಿದ ದಿನಾನೇ ಹೇಳಿದ್ರು. 'ನನ್ನ ಹೆಂಡ್ತಿ ಮಾರ್ಬೇಡಿ ಅಂತಾನೇ ಅಂದ್ಲು, ನಂಗೇ ಧೈರ್ಯ ಸಾಲ್ಲಿಲ್ಲ ಕಣ್ರೋ' ಅಂದ್ರು. ಆಮೇಲೆ ಬೆಲೆ ಏರ್ತಲ್ಲ, ಪುಕ್ಕಲು ಮಾಲೀಕ ಅಂತ ಎಷ್ಟು ರೇಗಿಸಿದ್ವಿ! ನಗ್ತಿದ್ರು, ಪಾಪ."

ಲಿಫ್ಟು ಬಂತು. ಬಾಗಿಲು ತೆರೆಯಿತು. ತುಂಬಿತ್ತು. ಜನ ಇಳಿಯುತ್ತಲೇ ಇದ್ದರು. ನಾನು ಪೆಟ್ಟಿಗೆ ಹಿಡಿದು ಗೋಡೆಗೆ ಸರಿದು ನಿಂತೆ.

"ಪುಕ್ಕಲು ನಾನು," ಅಂದೆ. "ಹಂಗಿಸಿ ಹಂಗಿಸಿ ಮಾರಿಸಿದ್ದು ನಾನು. ಎಲ್ಲರಿಗೂ ಹೇಳಿ."

ಎಲೆಕ್ಟ್ರಿಷಿಯನ್ ತಲೆ ತಗ್ಗಿಸಿದ. ಪೆಟ್ಟಿಗೆ ನಾನು ಹೊರಲೇ ಅಂತ ಕೇಳಿದ. ಬೇಡ ಅಂದೆ. ಭಾರವಿತ್ತು. ನಾನೇ ಹೊತ್ತುಕೊಂಡು ಬಂದೆ.