ಭರಣಿಯಲ್ಲಿ ಇಳಿದ ಹುಣಸೆಹಣ್ಣು

ನಾನು ಅನುಮಾನದ ಪ್ರಾಣಿ. ಹಾಲಿನವನು ನಗುತ್ತಾ ಹಾಲು ಹಾಕಿದರೆ ಇವತ್ತು ನೀರೆಷ್ಟು ಬೆರೆಸಿದ ಅಂತ ನೋಡುವವಳು. ಶಾಲೆಯ ಆಫೀಸಿನಲ್ಲಿ ಮೂವತ್ತು ವರ್ಷ ರಜೆ ಚೀಟಿಗಳನ್ನು ಓದಿದವಳಿಗೆ ಮನುಷ್ಯರ ಮೇಲೆ ನಂಬಿಕೆ ಎಲ್ಲಿಂದ ಬರಬೇಕು ಹೇಳಿ. ಹಾಗಾಗಿ ಹೋದ ಬೇಸಿಗೆಯಲ್ಲಿ ಅಡುಗೆಮನೆಯ ಭರಣಿಯಲ್ಲಿ ಹುಣಸೆಹಣ್ಣು ಇಳಿಯತೊಡಗಿದ್ದು ನನ್ನ ಕಣ್ಣು ತಪ್ಪಲಿಲ್ಲ.

ಶುರುವಾದದ್ದು ಮಾತ್ರ ಕಕ್ಕಸಿನಿಂದ. ನಮ್ಮ ಅರಸೀಕೆರೆಯ ಬೋರ್‌ವೆಲ್ ನೀರು ಗೊತ್ತಲ್ಲ, ವಾರದಲ್ಲಿ ಬಕೆಟ್ಟಿಗೆ ಬೆಳ್ಳಗೆ ಸುಣ್ಣ ಕಟ್ಟುತ್ತೆ, ಬೇಳೆ ಬೇಯೋದಿಲ್ಲ. ನಮ್ಮ ಯಜಮಾನರ ಮಂಡಿನೋವಿಗೆ ಅಂತ ಹಾಕಿಸಿದ ಕಮೋಡಿನೊಳಗೆ, ನೀರು ನಿಲ್ಲುವ ಮಟ್ಟಕ್ಕೆ ಕಂದು ಕರೆ ಸುತ್ತಲೂ ಬಳೆಯ ಹಾಗೆ ಕೂತುಬಿಟ್ಟಿತ್ತು. ಆಸಿಡ್ ತರೋ ಹಾಗಿಲ್ಲ, ಅದರ ಘಾಟಿಗೆ ಯಜಮಾನರಿಗೆ ಉಬ್ಬಸ ಬರುತ್ತೆ. ದೇವರ ನೈವೇದ್ಯದ ಅಡುಗೆ ನಂದು, ಮಡಿ ಅಂತ ಹೇಳಿ ಕಕ್ಕಸು ತೊಳೆಯುವುದನ್ನು ನಾನು ಮುಟ್ಟುತ್ತಿರಲಿಲ್ಲ. ಅದು ಸೊಸೆಯ ಪಾಲಿಗೆ. ಮದುವೆಯಾಗಿ ಬಂದ ದಿನದಿಂದ ಹಾಗೇ ನಡೆದಿತ್ತು.

ಸೊಸೆ ಬೇಲೂರಿನವಳು, ಬಾಣಾವರದಲ್ಲಿ ಟೀಚರು. ಒಂದು ದಿನ ನೆಂಟರು ಬಂದು ಹೋದ ಮೇಲೆ ಅಂದೆ, "ಏನೇ ಅದು ಕರೆ? ನನ್ನ ಮಾನ ಹೋಯ್ತು. ನಿಮ್ಮನೇಲೂ ಹಿಂಗೇ ಇಟ್ಕೊಂಡಿದ್ರಾ?"

"ಎಷ್ಟು ಉಜ್ಜಿದ್ರೂ ಹೋಗ್ತಿಲ್ಲ ಅತ್ತೆ, ನೀರು ಗಡಸು."

"ಕೈಗೆ ಬಲ ಬೇಕು ಅಷ್ಟೆ," ಅಂದೆ.

ಆಮೇಲೇ ಹುಣಸೆಹಣ್ಣು ಕಾಣೆಯಾಗತೊಡಗಿದ್ದು. ಕಣಕಟ್ಟೆಯ ನನ್ನ ತಮ್ಮನ ಮರದ್ದು ಅದು, ಬೀಜ ತೆಗೆದು ಕಲ್ಲುಪ್ಪು ಹಾಕಿ ತುಂಬಿಟ್ಟದ್ದು. ಹತ್ತು ದಿನದಲ್ಲಿ ನಾಲ್ಕು ಬೆರಳು ಇಳಿದಿತ್ತು. ಸಾರು ಮಾಡುವವಳು ನಾನೇ, ಹಾಗಾದರೆ ತಿಂದವರು ಯಾರು? ಹಿಂಡಿದ ನಿಂಬೆಹೋಳೂ ಮಾಯ. ಸೊಸೆ ಬೆಳಗ್ಗೆ ಕಕ್ಕಸಿನ ಬಾಗಿಲು ಹಾಕಿಕೊಂಡರೆ ಅರ್ಧ ಗಂಟೆ ಈಚೆಗೆ ಬರುವುದಿಲ್ಲ. ಬಂದರೆ ಸೊಂಟದ ಮೇಲೆ ಕೈ, ಮುಖ ಬಾಡಿದೆ. "ಕಾಫಿ ಬೇಡ ಅತ್ತೆ, ಯಾಕೋ ಹೊಟ್ಟೆ ತೊಳಸ್ತಿದೆ."

ಅಯ್ಯೋ ದೇವರೇ, ಇನ್ನೇನು ಸಾಕ್ಷಿ ಬೇಕು! ಮಗನನ್ನು ಕೇಳಿದರೆ "ನಂಗೇನೂ ಗೊತ್ತಿಲ್ಲಮ್ಮ" ಅಂದ. ಗೊತ್ತಿಲ್ಲವಂತೆ! ಅವನನ್ನೂ ಸೇರಿಸಿಕೊಂಡಿದ್ದಾಳೆ ಅಂದುಕೊಂಡೆ.

ಖುಷಿಗಿಂತ ಮೊದಲು ಸಿಟ್ಟು ಬಂತು. ಬಸುರಿ ಅನ್ನುವುದನ್ನು ನನ್ನಿಂದ ಮುಚ್ಚಿಡುತ್ತಿದ್ದಾಳಲ್ಲ! ಯಾಕೆ ಅನ್ನುವುದೂ ಗೊತ್ತಿತ್ತು, ಅದೇ ಇನ್ನೂ ಉರಿಸಿತು. ಎರಡು ವರ್ಷದ ಹಿಂದೆ "ಮೂರು ತಿಂಗಳು ತುಂಬಲಿ ಅತ್ತೆ, ಆಮೇಲೆ ಹೇಳೋಣ" ಅಂತ ಕೇಳಿಕೊಂಡಿದ್ದಳು. ನಾನು ತಡೆದೇನಾ? ಎರಡೇ ದಿನದಲ್ಲಿ ಬೀದಿಗೆಲ್ಲ ಸಾರಿದ್ದೆ. ಆ ಗರ್ಭ ನಿಲ್ಲಲಿಲ್ಲ. ಸುದ್ದಿ ಕೇಳಿದ್ದವರೆಲ್ಲ ಮತ್ತೆ ಬಂದು ಏನಾಯ್ತು ಅಂತ ಅವಳನ್ನೇ ಕೇಳಿದರು. ಒಬ್ಬೊಬ್ಬರಿಗೂ ಅವಳೇ ಹೇಳಬೇಕಾಯಿತು.

ಇಷ್ಟಾದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ. ಬೇಲೂರಿಗೆ, ಬೀಗಿತ್ತಿಗೆ ಫೋನ್ ಮಾಡಿದೆ. "ನೀವೂ ಸೇರ್ಕೊಂಡು ಮುಚ್ಚಿಟ್ರಿ ಅಲ್ವಾ? ನಂಗೇನು ಕಣ್ಣಿಲ್ವಾ?" ಆಕೆಗೇನೂ ಗೊತ್ತಿಲ್ಲ ಪಾಪ. ಹುಣಸೆಹಣ್ಣಿನ ವಿಷಯ ಹೇಳಿದ್ದೇ ಸಂತೋಷಕ್ಕೆ ಅತ್ತುಬಿಟ್ಟರು. ಭಾನುವಾರ ಮೊದಲ ಬಸ್ಸಿಗೇ ಹಳೇಬೀಡಿನ ಮೇಲೆ ಬಂದಿಳಿದರು. ಕೈಯಲ್ಲಿ ಮಲ್ಲಿಗೆ, ಹಸಿರು ಬಳೆ, ಒಂದು ಡಬ್ಬಿ ತುಂಬ ಹುಣಸೆಹಣ್ಣಿಗೆ ಬೆಲ್ಲ ಹಾಕಿ ಕುಟ್ಟಿದ ಚಿಗಳಿ ಉಂಡೆ. ಎದುರುಮನೆಯಾಕೆಯನ್ನೂ ನಾನು ಕರೆದಾಗಿತ್ತು. ನನ್ನ ಬುದ್ಧಿ ಎಲ್ಲಿ ಹೋಗುತ್ತೆ.

ಮೂವರೂ ನಡುಮನೆಯಲ್ಲಿ ಕೂತಿರುವಾಗ ಕಕ್ಕಸಿನ ಬಾಗಿಲು ತೆರೆಯಿತು. ಸೊಸೆಯ ಕೈಯಲ್ಲಿ ತೆಂಗಿನ ನಾರು, ಮೊಣಕೈವರೆಗೂ ಹುಣಸೆಹಣ್ಣು.

"ಅತ್ತೆ, ಬನ್ನಿ ನೋಡಿ! ಹೋಯ್ತು ಕರೆ! ನೀವು ದೇವರ ಹಿತ್ತಾಳೆ ಪಾತ್ರೆ ಉಜ್ಜೋದು ನೋಡಿ ಹೊಳೀತು. ನೀರು ಮೊಗೆದು ತೆಗೆದು, ಹುಣಸೆಹಣ್ಣು ಮೆತ್ತಿ, ನಿಂಬೆಸಿಪ್ಪೇಲಿ ದಿನಾ ಸ್ವಲ್ಪ ಸ್ವಲ್ಪ..."

ಅಷ್ಟರಲ್ಲಿ ಅವಳಿಗೆ ಅಮ್ಮ ಕಂಡರು. ಬಳೆ ಕಂಡಿತು. ಎದುರುಮನೆಯಾಕೆ ಕಂಡರು. ಮುಖದ ನಗು ಇಳಿಯಿತು.

"ಈ ಸಲಾನೂ ಎಲ್ಲರಿಗೂ ಹೇಳ್ಬಿಟ್ರಾ ಅತ್ತೆ?"

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಅವಳು ಕೈಕಾಲು ತೊಳೆದುಕೊಂಡು ಅಮ್ಮನಿಗೆ ಕಾಫಿ ಮಾಡಲು ಹೋದಳು. ಬಸುರೇ ಇಲ್ಲದ ಮೇಲೆ ಇನ್ನೇನು, ಬಳೆ ಸಂಜೆಯ ಬಸ್ಸಿಗೆ ವಾಪಸ್ಸು ಹೋಯಿತು. ನನಗೆ ಎಷ್ಟು ನಾಚಿಕೆಯಾಯಿತೆಂದರೆ ಎರಡು ದಿನ ಅವಳ ಮುಖ ನೋಡಲಾಗಲಿಲ್ಲ.

ಕರೆ ಮತ್ತೆ ಬಂತು. ಬರದೆ ಇರುತ್ತಾ, ನೀರು ಅದೇ ತಾನೆ. ಒಂದು ಭಾನುವಾರ ಸ್ನಾನಕ್ಕೆ ಮೊದಲು ನಾನೇ ನಿಂಬೆಗಾತ್ರ ಹುಣಸೆಹಣ್ಣು ನೆನೆಸಿಕೊಂಡು ಕಮೋಡಿನ ಮುಂದೆ ಕೂತೆ. ಸೊಂಟ ಹಿಡಿಯಿತು, ವಾಸನೆಗೆ ಖಾಲಿ ಹೊಟ್ಟೆ ತೊಳಸಿತು. ತಿರುಗಿದರೆ ಬಾಗಿಲಲ್ಲಿ ಸೊಸೆ.

"ತಪ್ಪಾಯ್ತು ಕಣಮ್ಮ," ಅಂದೆ. "ಇನ್ನು ನೀನಾಗಿ ಹೇಳೋವರೆಗೂ ಕೇಳಲ್ಲ, ಯಾರಿಗೂ ಹೇಳಲ್ಲ."

ನಂಬಿದಳೋ ಇಲ್ಲವೋ. ನನ್ನ ಕೈಯನ್ನೇ ನೋಡುತ್ತಾ ನಿಂತಿದ್ದವಳು, "ಅಷ್ಟು ಸಾಲಲ್ಲ ಅತ್ತೆ," ಅಂದು ಒಳಗೆ ಹೋಗಿ, ಭರಣಿಯನ್ನೇ ಎತ್ತಿ ತಂದು ನನ್ನ ಪಕ್ಕ ಇಟ್ಟಳು.