ಹತ್ತನೇ ಬುತ್ತಿ

ಹೊಸಪೇಟೆಯ ನನ್ನ ವೆಲ್ಡಿಂಗ್ ಶೆಡ್ಡಿನ ತೆರಿಗೆ ಲೆಕ್ಕ ನೋಡುತ್ತಿದ್ದವರು ಕಂಪ್ಲಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಕುರ್ಚಿ ಕೊಟ್ಟರೂ ಕೂರುತ್ತಿರಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ಶೆಡ್ಡಿನೊಳಗೆ ಒಂದು ಸುತ್ತು ಹಾಕಿ, "ರೊಕ್ಕ ಆಮ್ಯಾಲ, ಮೊದ್ಲು ಮಂದಿ ಎಣಸ್ರಿ" ಅನ್ನುತ್ತಿದ್ದರು.

ಹತ್ತು ಜನ ಕೆಲಸಕ್ಕಿದ್ದರೆ ಸಂಬಳದ ಜೊತೆ ಇಎಸ್‌ಐ ವಿಮೆಯ ಹಣ ಕಟ್ಟಬೇಕು, ಆಗ ಕೆಲಸದವರಿಗೆ ಆಸ್ಪತ್ರೆ ಖರ್ಚು ಸಿಗುತ್ತದೆ ಎಂದು ತಿಳಿಸಿದವರು ಅವರೇ.

"ನಮ್ಮಲ್ಲಿ ಒಂಬತ್ತೇ ಮಂದಿರಿ ಸರ್" ಅಂದೆ.

ಅವರು ಗೋಡೆಯ ಮೊಳೆಗಳಿಗೆ ತೂಗುಹಾಕಿದ್ದ ಬುತ್ತಿ ಡಬ್ಬಿಗಳನ್ನು ನೋಡಿದರು. "ಹಂಗಾರ ಹತ್ತನೇ ಬುತ್ತಿ ಯಾರ್ದು?"

"ಕಸ ಹೊಡಿಯೋ ಅಕ್ಕಂದು. ಆಕಿ ನಮ್ಮ ಮನಿ ಮಂದಿ ಇದ್ದಂಗ್ರಿ. ಆಕಿನ್ನೂ ಎಣಸ್ಬೇಕಾ?"

"ಮನಿ ಮಂದಿಗೆ ಆರಾಮಿಲ್ಲಂದ್ರ ದವಾಖಾನಿಗೆ ಕರ್ಕೊಂಡು ಹೋಗ್ತೀರಲ್ಲ, ಹಂಗ ಆಕಿನ್ನೂ ಕರ್ಕೊಂಡು ಹೋಗ್ತೀರೇನು?"

ಮೂಲೆಯಲ್ಲಿ ಕಬ್ಬಿಣದ ಚೂರು ಗುಡಿಸುತ್ತಿದ್ದ ಅಕ್ಕ ತಲೆ ಎತ್ತದೆ ಹೇಳಿದಳು: "ಮೊಣಕಾಲು ನೋವು ಅಂದ್ರ, ಎಣ್ಣಿ ಹಚ್ಚಬೇ ಅಂತಾರ್ರಿ ನಮ್ಮ ಸಾವ್ಕಾರ್ರು."

ವೆಲ್ಡರುಗಳೆಲ್ಲ ನಕ್ಕರು. ಲೆಕ್ಕದವರು ನಗಲಿಲ್ಲ. "ಅಕ್ಕಾರ, ನಾಳಿ ಆಧಾರ್ ಕಾರ್ಡ್ ತಗೊಂಡು ಬರ್ರಿ" ಎಂದು ಹೇಳಿ, ಆಮೇಲೆ ಕುರ್ಚಿಯ ಮೇಲೆ ಕೂತರು.

ವಯಸ್ಸಾಯಿತೆಂದು ಲೆಕ್ಕದವರು ಈಗ ಬರುವುದಿಲ್ಲ. ಅಕ್ಕ ಮೊಣಕಾಲಿಗೆ ಇಎಸ್‌ಐ ಆಸ್ಪತ್ರೆಯ ಮಾತ್ರೆ ನುಂಗುತ್ತಾಳೆ. ಯಾರಾದರೂ ಹೊಸಬರು ಕೆಲಸಕ್ಕೆ ಬಂದರೆ ನಾನು ಮೊದಲು ಗೋಡೆಗೆ ಒಂದು ಮೊಳೆ ಹೊಡೆಯುತ್ತೇನೆ.