ನಜೀರಣ್ಣ ಬಿಚ್ಚದೆ ಬಿಟ್ಟ ಚಪ್ಪರ

ಕಿಬ್ಬನಹಳ್ಳಿ ಕ್ರಾಸಿನಲ್ಲಿ ನನ್ನದೊಂದು ಬೇಕರಿ. ಪಕ್ಕದ ಮಳಿಗೆ ನಜೀರ್ ಅಹಮದನದು. ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಸುತ್ತಿನ ಹಳ್ಳಿಗಳಲ್ಲಿ ಮದುವೆ ಗೊತ್ತಾದರೆ ಅಡುಗೆಯವರ ಮಾತು ಆಮೇಲೆ, ಮೊದಲು ಮನೆ ಮುಂದಿನ ಚಪ್ಪರಕ್ಕೆ ನಜೀರಣ್ಣ ಬಿಡುವಾಗಿದ್ದಾನಾ ಅಂತ ಕೇಳುತ್ತಿದ್ದರು. ಈಗ ಯಾರೂ ಕೇಳುವುದಿಲ್ಲ. ಯಾಕೆ ಅನ್ನುವುದನ್ನು ಅವನಂತೂ ಬಾಯಿಬಿಟ್ಟು ಹೇಳುವವನಲ್ಲ, ನಾನೇ ಹೇಳಬೇಕು.

ಅವನದು ಆಕಾಶ ನೋಡಿ ಬದುಕುವ ಕಸುಬು. ಶಿವರಾತ್ರಿ ಕಳೆದು ಬಿಸಿಲೇರಿತೆಂದರೆ ಸಂಜೆ ಹೊತ್ತು ಮೂಡಲ ಕಡೆ ತಿರುಗಿ ನಿಲ್ಲುತ್ತಿದ್ದ. ಆ ಕಾಲದ ಮಳೆಗೆ ಗೊತ್ತುಗುರಿ ಇಲ್ಲ. ಹಗಲೆಲ್ಲ ಕಾದ ನೆಲದ ಮೇಲೆ ಇದ್ದಕ್ಕಿದ್ದಂತೆ ಬಿರುಗಾಳಿ ಎದ್ದು ತೆಂಗಿನ ಸುಳಿಯನ್ನೇ ತಿರುಚಿ ಹಾಕುತ್ತದೆ. ಶಾಮಿಯಾನದೊಳಗೆ ಅಂಥ ಗಾಳಿ ನುಗ್ಗಿದರೆ ಕಬ್ಬಿಣದ ಕಂಬವೂ ಉಳಿಯದು. ನನ್ನ ಫೋನಿಗೆ ಹವಾಮಾನದ ಮೆಸೇಜು ಬಂದರೆ ಜೋರಾಗಿ ಓದಿಸಿಕೊಂಡು, "ಇವ್ರು ಹೇಳೋದು ಜಿಲ್ಲೆಗೆ ಕಣಪ್ಪ, ನಾನು ಕಟ್ಟಿರೋದು ಒಂದ್ ಮನೆ ಮುಂದೆ" ಎಂದು ಗೊಣಗುತ್ತಿದ್ದ. ಗೊಣಗಿದರೂ ಹೋಗಿ ಇನ್ನೊಂದು ಹಗ್ಗ ಬಿಗಿಯದೆ ಬರುತ್ತಿರಲಿಲ್ಲ.

ಎರಡು ವರ್ಷದ ಹಿಂದೆ, ಯುಗಾದಿ ಹತ್ತಿರ ಇರುವಾಗ, ಸಂಪಿಗೆ ಊರಿನ ಪಕ್ಕದ ಹೊಂಬಾಳಮ್ಮನ ಮನೆಯಲ್ಲಿ ಹಿರಿಮಗಳು ಅನಿತಾಳ ಮದುವೆ. ಗಂಡ ತೀರಿಕೊಂಡ ಮೇಲೆ ತೋಟ, ದನ, ಇಬ್ಬರು ಹೆಣ್ಣುಮಕ್ಕಳು, ಎಲ್ಲವನ್ನೂ ಒಬ್ಬಳೇ ನಿಭಾಯಿಸಿದ ಹೆಂಗಸು ಅವಳು. ಹೊಂಬಾಳಮ್ಮನ ಮದುವೆಯ ಚಪ್ಪರ ಹಾಕಿದ್ದವನೂ ನಜೀರಣ್ಣನೇ. ಅನಿತಾಳಿಗೆ ಸಂಬಂಧ ಕೂಡಿಬರಲು ಬಹಳ ಕಾಲ ಹಿಡಿದಿತ್ತು; ಜಾತಕದ ನೆಪ ಹೇಳಿ ಬಂದವರೆಲ್ಲ ಹಿಂದೆ ಸರಿದಿದ್ದರು. ಒಪ್ಪಿದ ಈ ಬೀಗರೂ ಶಕುನ ನೋಡುವ ಜನವೇ.

ಮದುವೆಯ ಹಿಂದಿನ ದಿನ ಚಪ್ಪರದ ಶಾಸ್ತ್ರ. ಹೆಂಗಸರು ಚಪ್ಪರದ ಮೊದಲ ಕಂಬವಾದ ಹಾಲುಗಂಬಕ್ಕೆ ಅರಿಶಿನ ಕುಂಕುಮ ಹಚ್ಚಿ, ಬುಡಕ್ಕೆ ಹಾಲೆರೆದು ಪೂಜೆ ಮುಗಿಸಿದ್ದರು. ಬಾಗಿಲ ಮುಂದೆ ಹಸಿ ತೆಂಗಿನ ಗರಿ, ಅದಕ್ಕೆ ಸೇರಿಸಿ ಅಂಗಳದ ತುಂಬ ನಜೀರಣ್ಣನ ಹೊಸ ಶಾಮಿಯಾನ. ಲಾಡು ಇಳಿಸಲು ಸಂಜೆ ನಾನೂ ಅಲ್ಲಿಗೆ ಹೋಗಿದ್ದೆ. ಆಗಲೇ ಮೆಸೇಜು ಬಂತು: ತುಮಕೂರು, ಹಾಸನ ಜಿಲ್ಲೆಗಳಲ್ಲಿ ರಾತ್ರಿ ಗುಡುಗು, ಸಿಡಿಲು, ಬಿರುಗಾಳಿ ಸಹಿತ ಮಳೆ, ಅಲ್ಲಲ್ಲಿ ಆಲಿಕಲ್ಲು. ಓದಿ ಹೇಳಿದೆ. ಗಾಳಿ ಪೂರ್ತಿ ನಿಂತುಹೋಗಿತ್ತು, ತೋಟದಲ್ಲಿ ಒಂದು ಗರಿಯೂ ಅಲ್ಲಾಡುತ್ತಿರಲಿಲ್ಲ. ಮೂಡಲ ಕಡೆ ನೋಡಿದ ನಜೀರಣ್ಣನ ಮುಖ ಸಣ್ಣದಾಯಿತು.

ನೇರವಾಗಿ ಹೊಂಬಾಳಮ್ಮನ ಹತ್ತಿರ ಹೋದ. "ಅಮ್ಮ, ರಾತ್ರಿಗೆ ಶಾಮಿಯಾನದ ಬಟ್ಟೆ ಇಳಿಸ್ಬುಡ್ತೀನಿ. ಬೆಳಕು ಹರಿಯೋದ್ರೊಳಗೆ ಮತ್ತೆ ಕಟ್ಟಿಕೊಡ್ತೀನಿ."

"ಶಾಸ್ತ್ರ ಆಗೋಯ್ತಲ್ಲ ನಜೀರಣ್ಣ. ಶಾಸ್ತ್ರ ಆದ್ಮೇಲೆ ಚಪ್ಪರ ಬಿಚ್ಚಿದ್ರೆ ಮದ್ವೆ ಮುರಿದಂಗೆ ಅಂತಾರೆ. ಬೀಗ್ರು ಈಗ್ಲೋ ಆಗ್ಲೋ ಬತ್ತಾರೆ, ನೋಡಿದ್ರೆ ಏನಂದ್ಕೋತಾರೆ? ನಿಂಗೆ ನಾನು ಹೇಳ್ಕೊಡಬೇಕಾ?"

ಹೇಳಿಕೊಡಬೇಕಾಗಿರಲಿಲ್ಲ. ಕೂಲಿಗೆ ಬರುವವರಿಗೆ ಆ ಮಾತನ್ನು ಹೇಳಿಕೊಡುತ್ತಿದ್ದವನೇ ಅವನು. ಮದುವೆ ಮುಗಿಯುವ ತನಕ ಚಪ್ಪರದ ಒಂದು ಹಗ್ಗ ಬಿಚ್ಚಲೂ ಬಿಟ್ಟವನಲ್ಲ. ನಾನು ಮಧ್ಯೆ ಬಾಯಿ ಹಾಕಿ, ಶಾಸ್ತ್ರ ಆಗಿರುವುದು ಕಂಬಕ್ಕೆ, ಬಟ್ಟೆಗಲ್ಲ ಎಂದೆ. ಇಬ್ಬರೂ ನನ್ನನ್ನು ನೋಡಿದ ರೀತಿಗೆ ಮತ್ತೆ ಲಾಡು ಇಳಿಸತೊಡಗಿದೆ.

"ಆಯ್ತು ಬುಡಮ್ಮ," ಎಂದ ನಜೀರಣ್ಣ. "ನಾನು ಇಲ್ಲೇ ಇರ್ತೀನಿ."

ನಾನು ಊರಿಗೆ ಬಂದೆ. ಬೆಳಗ್ಗೆ ಮತ್ತೆ ಹೋಗುವಾಗ ದಾರಿಯುದ್ದಕ್ಕೂ ಉದುರಿದ ಎಳೆಗಾಯಿ, ಮುರಿದ ಗರಿ. ಅಂಗಳದಲ್ಲಿ ಶಾಮಿಯಾನ ಸೀಳುಸೀಳಾಗಿ ಬೇಲಿಗೆ ಸಿಕ್ಕಿಕೊಂಡಿತ್ತು. ಬಟ್ಟೆಯ ಎಳೆತಕ್ಕೆ ಹಾಲುಗಂಬ ಬುಡಸಮೇತ ಕಿತ್ತು ಕೆಸರಿನಲ್ಲಿ ಬಿದ್ದಿತ್ತು. ಬಟ್ಟೆ ಇಳಿಸಿದ್ದರೆ ಅದು ನಿಂತಿರುತ್ತಿತ್ತು. ಹಗ್ಗ ಹಿಡಿದು ಜಗ್ಗಿ ಜಗ್ಗಿ ನಜೀರಣ್ಣನ ಅಂಗೈ ಸುಲಿದುಹೋಗಿತ್ತು. ಜನಕ್ಕೆ ಏನೂ ಆಗಿರಲಿಲ್ಲ, ಸದ್ಯ ಅಷ್ಟಾದರೂ ಆಯಿತಲ್ಲ ಅಂದುಕೊಂಡೆ.

ಗಂಡಿನ ಸೋದರಮಾವ ಶಂಭುಲಿಂಗಯ್ಯ ಬಿದ್ದ ಕಂಬದ ಮುಂದೆ ನಿಂತಿದ್ದರು. "ಹಾಲುಗಂಬನೇ ಬಿತ್ತು ಅಂದ್ಮೇಲೆ ಇನ್ನೇನ್ ಉಳೀತು? ಈ ಸಂಬಂಧ ನಮ್ಗೆ ಬ್ಯಾಡ ಕಣ್ರೀ. ದೇವ್ರೇ ಬ್ಯಾಡ ಅಂದಂಗಾಯ್ತು." ಅವರ ಕಡೆಯವರು ಬ್ಯಾಗು ಎತ್ತಿಕೊಳ್ಳತೊಡಗಿದರು. ಅನಿತಾ ಬಾಗಿಲಲ್ಲಿ ಅರಿಶಿನದ ಸೀರೆಯಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

ಹೊಂಬಾಳಮ್ಮ ಅಂಗಳಕ್ಕೆ ಇಳಿದು ಬಂದಳು. "ದೇವ್ರು ಯಾಕೆ ಬ್ಯಾಡ ಅಂತಾನೆ ಅಣ್ಣೋರೆ? ಈ ಸಾಬ್ರು ಸರ್ಯಾಗಿ ಕಟ್ಟಿಲ್ಲ. ಗುಂಡಿ ಆಳ ತೆಗೀರಿ ಅಂತ ನಿನ್ನೇನೇ ಹೇಳ್ದೆ, ಕೇಳ್ಲಿಲ್ಲ." ಹೇಳುವಾಗ ಅವನ ಕಡೆ ನೋಡಲಿಲ್ಲ. ಅವಳ ಬಾಯಲ್ಲಿ ಅವನು ಸಾಬರಾಗಿದ್ದನ್ನು ಅದುವರೆಗೆ ನಾನು ಕೇಳಿರಲಿಲ್ಲ.

ನನಗೆ ಮೈ ಉರಿದುಹೋಯಿತು. ಬಾಯಿ ತೆರೆಯುವಷ್ಟರಲ್ಲಿ ನಜೀರಣ್ಣ ನನ್ನ ತೋಳು ಹಿಡಿದುಕೊಂಡ. "ಹೌದು ಸ್ವಾಮಿ," ಎಂದ ಶಂಭುಲಿಂಗಯ್ಯನವರಿಗೆ. "ನಂದೇ ತಪ್ಪು. ಗುಂಡಿ ಆಳ ಸಾಲ್ಲಿಲ್ಲ, ಹಗ್ಗನೂ ಹಳೇದು. ಆ ಮಗೀಗೂ ಇದ್ಕೂ ಏನೂ ಸಂಬಂಧ ಇಲ್ಲ."

ಶಂಭುಲಿಂಗಯ್ಯ ಬಾಯಿಗೆ ಬಂದಂತೆ ಬೈದರು. ಬೈದಷ್ಟೂ ಶಕುನದ ಭಯ ಇಳಿದು, ಸಿಟ್ಟೆಲ್ಲ ಅವನೊಬ್ಬನ ಮೇಲೆ ಹೋಯಿತು. ಮುಹೂರ್ತಕ್ಕೆ ಸರಿಯಾಗಿ ಪಡಸಾಲೆಯಲ್ಲಿ ತಾಳಿ ಕಟ್ಟಿಸಿದರು. ಎಲ್ಲರೂ ಅಕ್ಷತೆ ಹಾಕುವಾಗ ನಜೀರಣ್ಣ ಬೇಲಿಯಿಂದ ಹರಿದ ಬಟ್ಟೆ ಬಿಡಿಸಿಕೊಳ್ಳುತ್ತಿದ್ದ.

ಮದುವೆಗೆ ಬಂದವರು ಆ ಮಾತನ್ನು ತಮ್ಮ ತಮ್ಮ ಊರಿಗೆ ಒಯ್ದರು. ನಜೀರ ಕಟ್ಟಿದ ಚಪ್ಪರ ಬಿತ್ತಂತೆ, ಅವನೇ ಒಪ್ಪಿಕೊಂಡನಂತೆ. ಬೀಗರ ಕಿವಿಗೆ ಬಿದ್ದೀತು ಅಂತ ನಿಜ ಹೇಳಲು ನಜೀರಣ್ಣ ನನ್ನನ್ನೂ ಬಿಡಲಿಲ್ಲ. ಈಗ ಅನಿತಾಳಿಗೆ ಮಗುವಾಗಿ ಅವಳ ಸಂಸಾರ ಗಟ್ಟಿಯಾಗಿದೆ, ಅದಕ್ಕೇ ಇದನ್ನು ಹೇಳುವ ಧೈರ್ಯ ಮಾಡಿದ್ದೇನೆ. ಅವನನ್ನು ಈಗ ತಿಥಿಗಳಿಗೆ ಮಾತ್ರ ಕರೆಯುತ್ತಾರೆ. ಸಾವಾದ ಮನೆಯಲ್ಲಿ ಶಕುನದ ಭಯ ಇಲ್ಲವಲ್ಲ. ನನಗೆ ಈ ಜನದ ಮೇಲೆ ಹೇಸಿಗೆ ಬರುತ್ತದೆ, ಆದರೆ ಬೇಕರಿ ನಡೆಯುವುದೂ ಇವರಿಂದಲೇ.

ಈ ವರ್ಷ ಹೊಂಬಾಳಮ್ಮನ ಕಿರಿಮಗಳ ಮದುವೆ ಗೊತ್ತಾಯಿತು. ಲಾಡು ಹೇಳಲು ಬಂದಳು. ಚಪ್ಪರ ಯಾರದು ಅಂತ ಬೇಕೆಂದೇ ಕೇಳಿದೆ.

"ತಿಪಟೂರೋರು," ಎಂದವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ದೊಡ್ಡೋಳ ಬೀಗ್ರೂ ಬತ್ತಾರಪ್ಪ. ಅವ್ರೆದ್ರಿಗೆ ನಜೀರಣ್ಣನ್ನ ಹೆಂಗೆ ಕರ್ಸ್ಲಿ? ಅವತ್ತು ಅಂದಿದ್ದು ಸುಳ್ಳು ಅಂದಂಗಾಯ್ತದೆ."

ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ, ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

ಅವಳು ಬಸ್ಸು ಹತ್ತಿದ ಮೇಲೆ ನಜೀರಣ್ಣ ಬಂದು ನನ್ನ ಬೆಂಚಿನ ಮೇಲೆ ಕೂತ. ಎಲ್ಲ ಕೇಳಿಸಿಕೊಂಡಿದ್ದ. ಮದುವೆ ಯಾವಾಗ ಎಂದು ಕೇಳಿದ. ಯುಗಾದಿಗೆ ಮುಂಚೆ ಎಂದೆ.

"ಆ ತಿಪಟೂರೋರ್ಗೆ ಒಂದ್ ಫೋನ್ ಮಾಡು ಜ್ಞಾನೇಶ," ಎಂದ. "ಮಳೆ ಗಾಳಿ ವಿಷ್ಯ ಶಾಸ್ತ್ರಕ್ ಮುಂಚೆನೇ ತಿಳ್ಕೊಳ್ಳಿ ಅನ್ನು. ಆಮೇಲೆ ಆಯಮ್ಮ ಬಿಚ್ಚಕ್ ಬಿಡಲ್ಲ." ಎದ್ದು ಹೊರಟವನು ಮತ್ತೆ ತಿರುಗಿದ. "ನಾನು ಹೇಳ್ದೆ ಅನ್ಬ್ಯಾಡ. ಚಪ್ಪರದ ವಿಷ್ಯದಲ್ಲಿ ನನ್ ಮಾತು ಈಗ ಯಾರ್ ಕೇಳ್ತಾರೆ."